ಪುಣ್ಯಕೋಟಿಯ ರಂಗಪ್ರವೇಶ: ಮಕ್ಕಳಿಗೆ ನಾಟಕದ ಮೂಲಾಂಗಗಳ ಪರಿಚಯ

ನಾಟಕವೆಂದರೇನು? ಅದರ ಅಂಗಗಳಾವುವು? ಅಭಿನಯವು ಎಷ್ಟು ವಿಧ? ಏಳನೆಯ ತರಗತಿಯ ಕನ್ನಡ ಪರೀಕ್ಷೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಬರೆಯದ ವಿದ್ಯಾರ್ಥಿಗಳು ವಿರಳ. ಬಡಗಣ ಕರ್ನಾಟಕದ ಒಂದು ಹಳ್ಳಿಯ ಶಾಲೆಯಲ್ಲಿ ಬಹುಕಾಲ ಕನ್ನಡ ಬೋಧಿಸಿದ ಪಂಡಿತರೊಬ್ಬರು ಒಂದು ವರ್ಷ ಉತ್ತರಪತ್ರಿಕೆಗಳನ್ನು ನೋಡುತ್ತಿದ್ದರು. ಒಬ್ಬ ಬಾಲಕನ ಬರವಣಿಗೆಯು ಅವರ ಮನಸ್ಸಿಗೆ ಬಹಳ ಆನಂದವನ್ನುಂಟುಮಾಡಿತು. ವಸ್ತು, ನೇತೃ, ರಸಗಳೆಂಬ ಮೂರು ಭೇದಕಗಳು. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂಬ ನಾಲ್ಕು ಅಭಿನಯಗಳು. ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯಗಳೆಂಬ ಎಂಟು ಸಾತ್ತ್ವಿಕ ಭಾವಗಳು. ಎಲ್ಲವೂ ಕ್ರಮವಾಗಿದ್ದುವು, ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಪಂಡಿತರು ಪೂರ್ಣಾಂಕಗಳನ್ನಿತ್ತು, ಮರುದಿನ ಅವನನ್ನು ಕರೆದು ಬೆನ್ನು ತಟ್ಟಿ, "ತಮ್ಮಾ, ನೀನು ಯಾವ ಯಾವ ನಾಟಕ ನೋಡಿದ್ದೀಯಪ್ಪಾ?" ಎಂದು ವಿಚಾರಿಸಿದರು. ಹುಡುಗನು ತಲೆ ತಗ್ಗಿಸಿ, "ಒಂದೂ ನೋಡಿಲ್ರೀ, ಗುರುಗಳೇ" ಎಂದನು.

ಆ ಉತ್ತರವು ಪಂಡಿತರನ್ನು ಬಹುದಿನ ಕಾಡಿತು. ಹಿಂದೆ ಆ ಊರಿನ ಜಾತ್ರೆಯಲ್ಲಿ ಅಟ್ಟ ಕಟ್ಟಿ ಬೆಳಗಿನವರೆಗೆ ದೊಡ್ಡಾಟವಾಡುತ್ತಿದ್ದರು. ಅಟ್ಟ ಕಟ್ಟುವವರೂ ವೇಷ ಹಾಕುವವರೂ ಕ್ರಮೇಣ ಕಡಿಮೆಯಾದರು. ಮನೆಯಲ್ಲಿ ದೂರದರ್ಶನವಿದೆ, ಕೈಯಲ್ಲಿ ದೂರವಾಣಿಯಿದೆ. ಆದರೆ ಎದುರಿಗೆ ನಿಂತು ಉಸಿರಾಡುವ ನಟನನ್ನು ಆ ಬಾಲಕನು ಕಂಡಿರಲಿಲ್ಲ. ನೀರನ್ನೇ ಕಾಣದವನಿಗೆ ಈಜಿನ ಲಕ್ಷಣಗಳನ್ನು ಬಾಯಿಪಾಠ ಮಾಡಿಸಿ ಅಂಕ ಕೊಟ್ಟಂತಾಯಿತಲ್ಲ ಎಂದು ಪಂಡಿತರು ಮನದಲ್ಲೇ ನೊಂದುಕೊಂಡರು. ತಾವು ಗುರುಮುಖದಿಂದ ಕಲಿತ ಲಕ್ಷಣಗಳಲ್ಲಿ ಅವರಿಗೆ ಸಂದೇಹವಿರಲಿಲ್ಲ. ಆ ಲಕ್ಷಣಗಳಿಗೆ ಲಕ್ಷ್ಯವನ್ನು ಒದಗಿಸದೆ ಹೋದುದು ತಮ್ಮ ಲೋಪವೆಂದು ಅವರಿಗೆ ಅನ್ನಿಸಿತು. ಮುಂದಿನ ಶನಿವಾರ ಬೆಳಗಿನ ತರಗತಿಯಲ್ಲಿ ಟಿಪ್ಪಣಿಯ ಪುಸ್ತಕಗಳನ್ನು ಕಟ್ಟಿಡಿಸಿ, ಬೆಂಚುಗಳನ್ನು ಗೋಡೆಗೆ ಸರಿಸಿ, ನಡುವೆ ನಾಲ್ಕು ಮಾರು ಜಾಗ ಮಾಡಿಸಿದರು. ಅಂದಿನಿಂದ ನಡೆದ ಪಾಠಕ್ರಮವು ನಾಟಕ ಕಲಿಸುವ ಅಧ್ಯಾಪಕರೆಲ್ಲರಿಗೂ ಉಪಯುಕ್ತವಾದುದರಿಂದ ಇಲ್ಲಿ ವಿವರಣೀಯವಾಗಿದೆ.

ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಒಂದು ಕಥೆಯುಂಟು. ಇಂದ್ರಾದಿ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ನೋಡಲೂ ಕೇಳಲೂ ಒದಗುವ ಒಂದು ಕ್ರೀಡನೀಯಕವನ್ನು ಬೇಡಿದರಂತೆ. ಕ್ರೀಡನೀಯಕವೆಂದರೆ ಆಟದ ವಸ್ತು. ಬ್ರಹ್ಮನು ಋಗ್ವೇದದಿಂದ ಪಾಠ್ಯವನ್ನೂ, ಸಾಮವೇದದಿಂದ ಗೀತವನ್ನೂ, ಯಜುರ್ವೇದದಿಂದ ಅಭಿನಯವನ್ನೂ, ಅಥರ್ವವೇದದಿಂದ ರಸವನ್ನೂ ತೆಗೆದು, ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವನ್ನು ನಿರ್ಮಿಸಿದನು. ವೇದವೆಂಬ ಹಿರಿಯ ಹೆಸರನ್ನು ಪಡೆದ ಈ ಕಲೆಯು ಹುಟ್ಟಿದ್ದು ಆಟಿಕೆಯಾಗಿ ಎಂಬುದನ್ನು ಮರೆಯಲಾಗದು. ಕನ್ನಡ ನುಡಿಯೂ ಈ ಮಾತಿಗೆ ಸಾಕ್ಷಿಯಾಗಿದೆ. ಬಯಲಾಟ, ದೊಡ್ಡಾಟ, ಸಣ್ಣಾಟ, ಗೊಂಬೆಯಾಟಗಳೆಲ್ಲವೂ ಆಟಗಳೇ. ನಮ್ಮ ಜನರು ಕಥೆಯನ್ನು ಹೇಳುತ್ತಾರೆ, ಪುರಾಣವನ್ನು ಓದಿಸುತ್ತಾರೆ. ನಾಟಕವನ್ನು ಮಾತ್ರ 'ಆಡು'ತ್ತಾರೆ. ಆಡದೆ ಉಳಿದ ನಾಟಕವು ಮಡಿಚಿಟ್ಟ ಕೊಡೆಯಂತೆ.

ಪಂಡಿತರು ಆರಿಸಿಕೊಂಡುದು ಪುಣ್ಯಕೋಟಿಯ ಕಥೆಯನ್ನು. ಗೋವಿನ ಹಾಡು ಕನ್ನಡ ನಾಡಿನ ಮಕ್ಕಳಿಗೆ ತೊಟ್ಟಿಲ ಕಾಲದ ಪರಿಚಯ. ಕಾಳಿಂಗನೆಂಬ ಗೊಲ್ಲನ ಹಿಂಡು, ಕಾಡಿನಲ್ಲಿ ಹಸಿದ ಅರ್ಬುತನೆಂಬ ಹುಲಿ, ಹುಲಿಯ ಕೈಗೆ ಸಿಕ್ಕಿದ ಹಸು, ದೊಡ್ಡಿಯಲ್ಲಿ ಕಾದಿರುವ ಕರು, ಮರಳಿ ಬರುವೆನೆಂಬ ಭಾಷೆ, ಭಾಷೆಗೆ ತಪ್ಪದ ಆಗಮನ, ಕೊನೆಗೆ ಹುಲಿಯ ಪಶ್ಚಾತ್ತಾಪ ಹಾಗೂ ಪ್ರಾಣತ್ಯಾಗ. ಮುಂದೇನಾಗುವುದೆಂಬುದು ಎಲ್ಲರಿಗೂ ತಿಳಿದಿದೆ. ತಿಳಿದ ಕಥೆಯನ್ನೇ ಆರಿಸುವುದರಲ್ಲಿ ಒಂದು ಲಾಭವುಂಟು. ಏನಾಯಿತೆಂಬ ಕುತೂಹಲವು ತಣಿದಿರುವುದರಿಂದ ಮಕ್ಕಳ ಗಮನವು ಹೇಗಾಯಿತೆಂಬುದರ ಕಡೆಗೆ ಹರಿಯುತ್ತದೆ. ನಾಟಕದ ಜೀವವಿರುವುದು ಆ 'ಹೇಗೆ' ಎಂಬುದರಲ್ಲಿಯೇ.

ಮೊದಲ ಪಾಠವು ಶ್ರವ್ಯ ದೃಶ್ಯಗಳ ಭೇದ. ಹಾಡಿನಲ್ಲಿ ಹಾಡುವವನೊಬ್ಬನಿದ್ದಾನೆ. ಹಸುವು ಹೀಗೆಂದಿತು, ಹುಲಿಯು ಹಾಗೆ ನುಡಿಯಿತು ಎಂದು ಅವನು ನಡುವೆ ನಿಂತು ತಿಳಿಸುತ್ತಾನೆ. ನಾಟಕದಲ್ಲಿ ಈ ನಡುವಿನವನು ಹಿಂದಕ್ಕೆ ಸರಿಯಬೇಕು. ಪಂಡಿತರು ಮಕ್ಕಳಿಂದ ಹಾಡಿನ ಕಥೆಯನ್ನು ಗದ್ಯದಲ್ಲಿ ಬರೆಯಿಸಿ, 'ಎಂದಿತು', 'ನುಡಿಯಿತು', 'ಯೋಚಿಸಿತು' ಎಂಬ ಮಾತುಗಳನ್ನೆಲ್ಲ ಹೊಡೆದುಹಾಕಲು ಹೇಳಿದರು. ಹಸುವಿನ ದುಃಖವನ್ನು ಕವಿಯು ಹೇಳದಿದ್ದರೆ ನೋಡುವವನಿಗೆ ಅದು ತಿಳಿಯುವುದೆಂತು? ಒಂದೋ ಹಸುವೇ ಆಡಬೇಕು, ಇಲ್ಲವೇ ಮಾಡಿ ತೋರಿಸಬೇಕು. ಕಾವ್ಯದಲ್ಲಿ ವರ್ಣನೆಯಾಗಿದ್ದುದು ನಾಟಕದಲ್ಲಿ ಮಾತು ಅಥವಾ ಕ್ರಿಯೆಯಾಗಬೇಕೆಂಬ ತತ್ತ್ವವು ಆ ಮಕ್ಕಳಿಗೆ ಪೆನ್ಸಿಲಿನ ನಾಲ್ಕು ಗೀರುಗಳಲ್ಲಿ ಮನದಟ್ಟಾಯಿತು.

ಎರಡನೆಯ ಪಾಠವು ವಸ್ತುವಿನದು. ಹತ್ತನೆಯ ಶತಮಾನದ ಧನಂಜಯನು ತನ್ನ ದಶರೂಪಕದಲ್ಲಿ ರೂಪಕಗಳನ್ನು ಒಂದರಿಂದೊಂದು ಬೇರ್ಪಡಿಸುವ ಗುರುತುಗಳಾಗಿ ವಸ್ತು, ನೇತೃ, ರಸಗಳನ್ನು ಹೇಳಿದ್ದಾನೆ. ವಸ್ತುವೆಂದರೆ ಇತಿವೃತ್ತ. ಅದು ಆರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮಗಳೆಂಬ ಐದು ಅವಸ್ಥೆಗಳಲ್ಲಿ ಬೆಳೆಯುತ್ತದೆ. ಈ ಹೆಸರುಗಳು ಮಕ್ಕಳಿಗೆ ಕಬ್ಬಿಣದ ಕಡಲೆಯೆಂಬ ದೂರು ಸಾಮಾನ್ಯ. ಪುಣ್ಯಕೋಟಿಯ ದಾರಿಯಲ್ಲಿ ನಡೆದುನೋಡಿದರೆ ಅವು ಸುಲಭವಾಗಿ ಕೈವಶವಾಗುತ್ತವೆ. ಹುಲಿಯು ಅಡ್ಡಗಟ್ಟಿದಾಗ ಕರುವನ್ನು ಒಮ್ಮೆ ಕಂಡು ಬರಬೇಕೆಂಬ ಬಯಕೆ ಹಸುವಿನಲ್ಲಿ ಮೂಡುವುದು ಆರಂಭ. ಹುಲಿಯನ್ನು ಬೇಡಿಕೊಂಡು ಆಣೆಯಿಡುವುದು ಪ್ರಯತ್ನ. ಹುಲಿಯು ಒಪ್ಪಿ ಬಿಟ್ಟಾಗ ಭಯವೂ ಭರವಸೆಯೂ ಬೆರೆತಿರುವುದೇ ಪ್ರಾಪ್ತ್ಯಾಶೆ. ಕರುವಿಗೆ ಹಾಲೂಡಿಸಿ, ಜೊತೆಯ ಹಸುಗಳಿಗೆ ಅದನ್ನು ಒಪ್ಪಿಸಿ, ಮನಸ್ಸನ್ನು ಗಟ್ಟಿಮಾಡಿಕೊಂಡು ಹೊರಡುವುದು ನಿಯತಾಪ್ತಿ. ಆಡಿದ ಮಾತು ಉಳಿದುದು ಫಲಾಗಮ. ಪಂಡಿತರು ನೆಲದ ಮೇಲೆ ಸುಣ್ಣದಿಂದ ಐದು ವೃತ್ತಗಳನ್ನು ಬರೆಯಿಸಿ, ಕಥೆಯು ಮುಂದುವರಿದಂತೆಲ್ಲ ಮಕ್ಕಳನ್ನು ಒಂದರಿಂದ ಇನ್ನೊಂದಕ್ಕೆ ನಡೆಯಿಸಿದರು. ಯಾವ ವೃತ್ತದಲ್ಲಿ ಹೆಜ್ಜೆ ತಡೆಯುತ್ತದೆ ಎಂದು ಕೇಳಿದಾಗ ಬಹುಮಂದಿ ನಾಲ್ಕನೆಯದನ್ನು ತೋರಿಸಿದರು. ಕರುವನ್ನು ಬಿಟ್ಟು ಹೊರಡುವ ಕ್ಷಣವದು.

ವಸ್ತುವಿನೊಳಗೆ ಅಡಗಿರುವ ಇನ್ನೊಂದು ಅಂಶವನ್ನು ಈಗಿನವರು ಸಂಘರ್ಷವೆಂದು ಕರೆಯುತ್ತಾರೆ. ಸಂಘರ್ಷವೆಂದೊಡನೆ ಮಕ್ಕಳು ಕತ್ತಿ ಗುರಾಣಿಗಳನ್ನು ನೆನೆಯುತ್ತಾರೆ. ಗೋವಿನ ಕಥೆಯಲ್ಲಿ ಕತ್ತಿಯಿಲ್ಲ. ಅಲ್ಲಿರುವುದು ಎರಡು ಹಸಿವೆ: ಒಂದು ಹುಲಿಯದು, ಇನ್ನೊಂದು ಕರುವಿನದು. ಎರಡೂ ನಿಜವಾದುವು, ಎರಡರ ನಡುವೆ ಪುಣ್ಯಕೋಟಿ ನಿಂತಿದ್ದಾಳೆ. ಅವಳು ಓಡಿಹೋಗಬಹುದಿತ್ತು; ದೊಡ್ಡಿ ಸೇರಿದ ಮೇಲೆ ಅವಳನ್ನು ತಡೆಯುವವರಾರೂ ಇರಲಿಲ್ಲ. ಆದುದರಿಂದ ನಿಜವಾದ ಹೋರಾಟವು ಹಸುವಿನ ಎದೆಯೊಳಗೇ ನಡೆಯುತ್ತದೆ. ಇಷ್ಟನ್ನು ಹನ್ನೆರಡರ ಪ್ರಾಯದ ಮಗುವು ಅರಿತರೆ ಮುಂದೆ ಎಂತಹ ಘನವಾದ ನಾಟಕವನ್ನೋದಿದರೂ ಅದಕ್ಕೆ ದಾರಿ ಸಿಕ್ಕುವುದು.

ಮೂರನೆಯದು ಪಾತ್ರ. ಈ ಶಬ್ದದ ಅರ್ಥವಿಸ್ತಾರವು ಮನನೀಯವಾಗಿದೆ. ನೀರು ತುಂಬುವ ಕೊಡವೂ ಪಾತ್ರ, ಹೊಳೆ ಹರಿಯುವ ಹಾದಿಯೂ ಪಾತ್ರ, ದಾನಕ್ಕೆ ಯೋಗ್ಯನಾದವನೂ ಪಾತ್ರ, ನಾಟಕದಲ್ಲಿ ನಟನು ತಾಳುವ ವೇಷವೂ ಪಾತ್ರ. ಕೊಡವು ತನ್ನನ್ನು ಬರಿದು ಮಾಡಿಕೊಳ್ಳದೆ ಇನ್ನೊಂದನ್ನು ತುಂಬಿಕೊಳ್ಳಲಾರದು. ಹುಲಿಯಾಗುವ ಹುಡುಗನು ಮೊದಲು ತಾನು ಇಂಥವರ ಮಗ, ಇಂಥ ಓಣಿಯವನು ಎಂಬುದನ್ನು ಅರೆಗಳಿಗೆ ಬದಿಗಿಡಬೇಕು. ಹಸಿವೆಗೂ ಅನುಮಾನಕ್ಕೂ ತನ್ನಲ್ಲಿ ಎಡೆ ಮಾಡಿಕೊಡಬೇಕು. ಹಿಂದಿನವರು ಪರಕಾಯ ಪ್ರವೇಶವೆಂಬ ಸಿದ್ಧಿಯ ಕಥೆಗಳನ್ನು ಹೇಳುತ್ತಿದ್ದರು. ಮಕ್ಕಳಿಗೆ ಅದು ತಪಸ್ಸಿಲ್ಲದೆ ಒದಗುವುದು ನಾಟಕದಲ್ಲಿಯೇ.

ನಾಲ್ಕನೆಯದು ಸಂವಾದ, ಅದರ ಪ್ರಯೋಗವೇ ವಾಚಿಕಾಭಿನಯ. ಭರತನು ಸ್ವರದ ಏರಿಳಿತವನ್ನು ಕಾಕುವೆಂದು ಕರೆದು ವಿವರವಾಗಿ ನಿರೂಪಿಸಿದ್ದಾನೆ. ಪಂಡಿತರು ಇದಕ್ಕೆ ಒಂದೇ ಒಂದು ಶಬ್ದವನ್ನು ತೆಗೆದುಕೊಂಡರು: 'ಬಂದೆ'. ಪುಣ್ಯಕೋಟಿಯು ದೊಡ್ಡಿಗೆ ಬಂದು ಕರುವಿಗೆ 'ಬಂದೆ' ಎನ್ನುತ್ತಾಳೆ; ಕಾಡಿಗೆ ಮರಳಿ ಹುಲಿಗೂ 'ಬಂದೆ' ಎನ್ನುತ್ತಾಳೆ. ಅಕ್ಷರಗಳು ಅವೇ, ಮೊದಲನೆಯದರಲ್ಲಿ ವಾತ್ಸಲ್ಯ, ಎರಡನೆಯದರಲ್ಲಿ ಧೈರ್ಯ. ಹುಲಿಯು ಕೇಳುವ 'ಬಂದೆಯಾ' ಎಂಬ ಮಾತನ್ನು ಬೆರಗಿನಿಂದ, ಅಪಹಾಸ್ಯದಿಂದ, ಮರುಕದಿಂದ ಮೂರು ಪರಿಯಲ್ಲಿ ಆಡಿಸಿದರು. ಯಾವುದು ಸರಿಯೆಂಬ ಚರ್ಚೆ ತರಗತಿಯಲ್ಲಿ ಗಂಟೆ ಹೊಡೆಯುವವರೆಗೂ ನಡೆಯಿತು. ವಿರಾಮಚಿಹ್ನೆಗಳ ಪಾಠವನ್ನು ಎಷ್ಟು ಸಲ ಹೇಳಿದರೂ ಕಿವಿಗೊಡದವರು ಅಂದು ಪ್ರಶ್ನಾರ್ಥಕ ಉದ್ಗಾರವಾಚಕಗಳಿಗಾಗಿ ಜಗಳವಾಡಿದರು.

ಸಂವಾದದಲ್ಲಿ ಎಲ್ಲ ಮಾತೂ ಎಲ್ಲರಿಗೂ ಕೇಳಿಸುವುದಿಲ್ಲ. ಎಲ್ಲರೂ ಕೇಳುವಂತೆ ಆಡುವುದು ಪ್ರಕಾಶ. ತನ್ನೊಳಗೆ ತಾನು ನುಡಿಯುವುದು ಸ್ವಗತ. ರಂಗದ ಮೇಲಿರುವ ಇತರರನ್ನು ಮರೆಮಾಡಿ ಒಬ್ಬರೊಡನೆ ಗುಟ್ಟಾಗಿ ಹೇಳುವುದು ಜನಾಂತಿಕ. ಜನಾಂತಿಕಕ್ಕೆ ತ್ರಿಪತಾಕ ಹಸ್ತವನ್ನು ಅಡ್ಡ ಹಿಡಿಯಬೇಕೆಂದು ಶಾಸ್ತ್ರವಿಧಿ. ಕರುವಿಗೆ ಕೇಳಿಸದಂತೆ ಜೊತೆಯ ಹಸುಗಳಿಗೆ ಅದನ್ನು ಒಪ್ಪಿಸುವ ಸನ್ನಿವೇಶದಲ್ಲಿ ಒಬ್ಬ ಬಾಲಕಿಯು ಯಾರೂ ಹೇಳಿಕೊಡದೆಯೇ ಮುಖಕ್ಕೆ ಅಂಗೈಯನ್ನು ಅಡ್ಡ ತಂದಳು. ಶಾಸ್ತ್ರವು ಲೋಕವನ್ನು ನೋಡಿಯೇ ಹುಟ್ಟಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಸ್ವಗತದ ವಿಷಯವಾಗಿ ಇನ್ನೂ ಸ್ವಾರಸ್ಯವಾದ ಸಂಗತಿಯೊಂದು ನಡೆಯಿತು. ಹಸುವು ಕಾಡಿನಿಂದ ಊರಿಗೆ ಹೋಗಿ ಮರಳುವವರೆಗೆ ಹಾಡು ಅವಳ ಬೆನ್ನಹಿಂದೆಯೇ ಸಾಗುತ್ತದೆ. ಅಷ್ಟು ಹೊತ್ತು ಹುಲಿಯು ಏನು ಮಾಡುತ್ತಿತ್ತು? ಹಾಡು ಕೇಳುವಾಗ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ತರಗತಿಯಲ್ಲಿ ಹುಲಿಯಾದ ಹುಡುಗನು ಮೂಲೆಯಲ್ಲಿ ನಿಂತೇ ಇದ್ದನಾದುದರಿಂದ ಪ್ರಶ್ನೆಯು ತಾನಾಗಿಯೇ ಎದ್ದಿತು. ಮಕ್ಕಳೆಲ್ಲ ಸೇರಿ ಹುಲಿಗೆ ಒಂದು ಸ್ವಗತ ಬರೆದರು. ಹಸಿವೆಯ ಸಂಕಟ, ಕೈಗೆ ಸಿಕ್ಕಿದ್ದನ್ನು ಬಿಟ್ಟೆನಲ್ಲ ಎಂಬ ಹಳಹಳಿ, ಬಂದಾಳೋ ಬಾರಳೋ ಎಂಬ ಸಂದೇಹ, ಬಾರದಿದ್ದರೆ ಚೆನ್ನೆಂಬ ಒಂದು ವಿಚಿತ್ರ ಆಸೆ ಎಲ್ಲವೂ ಅದರಲ್ಲಿ ಬಂದುವು. ಕೇಳಿದಾಗ ದುಷ್ಟಮೃಗವಾಗಿದ್ದ ಹುಲಿಯು ಆಡತೊಡಗಿದಾಗ ಕಾಯುವ ಜೀವವಾಯಿತು.

ಐದನೆಯದು ಆಂಗಿಕ ಹಾಗೂ ಆಹಾರ್ಯ. ಅಂಗಾಂಗಗಳಿಂದ ಮಾಡುವುದು ಆಂಗಿಕ; ವೇಷಭೂಷಣ, ಬಣ್ಣ, ರಂಗಸಜ್ಜಿಕೆಗಳೆಂದು ಹೊರಗಿನಿಂದ ತಂದುದು ಆಹಾರ್ಯ. ಹುಲಿಯೆಂದರೆ ನಾಲ್ಕು ಕಾಲಲ್ಲಿ ನಡೆಯಬೇಕೆ ಎಂಬ ಸಂದೇಹ ಮಕ್ಕಳಿಗೆ ಬಂದಿತು. ಲೋಕದಲ್ಲಿರುವಂತೆಯೇ ತೋರಿಸುವುದು ಲೋಕಧರ್ಮಿ, ರಂಗದ ಸಂಕೇತಗಳಿಂದ ತೋರಿಸುವುದು ನಾಟ್ಯಧರ್ಮಿ ಎಂಬ ಶಾಸ್ತ್ರದ ವಿಭಾಗವನ್ನು ಪಂಡಿತರು ಆಗ ತಿಳಿಸಿದರು. ಕೋಲನ್ನು ತೊಡೆಯ ನಡುವೆ ಸಿಕ್ಕಿಸಿ ಕುದುರೆಯೆಂದು ಓಡುವ ಬಾಲಕನಿಗೆ ನಾಟ್ಯಧರ್ಮಿಯನ್ನು ಕಲಿಸಬೇಕಾಗಿಲ್ಲ. ಅದಕ್ಕೆ ಹೆಸರೊಂದನ್ನು ಕೊಟ್ಟರೆ ಸಾಕು. ಗೋಣಿತಾಟಿನ ಮೇಲೆ ಇದ್ದಿಲಿನ ಪಟ್ಟೆಗಳನ್ನೆಳೆದು ಹುಲಿಯ ವೇಷವಾಯಿತು. ಯಾರದೋ ಮನೆಯ ಆಕಳ ಕೊರಳಗಂಟೆಯೊಂದು ಪುಣ್ಯಕೋಟಿಯ ಆಭರಣವಾಯಿತು. ಗಂಟೆಯ ಸದ್ದು ದೂರದಿಂದ ಕೇಳಿದರೆ ಹಸು ಬರುತ್ತಿದೆ, ಸದ್ದು ನಿಂತರೆ ಹಸು ನಿಂತಿದೆ. ಕಾಡಿಗೆ ಬೇರೆ ಪರದೆಯನ್ನು ಬರೆಯಿಸುವ ಅಗತ್ಯ ಬೀಳಲಿಲ್ಲ. ಹತ್ತು ಮಕ್ಕಳು ಕೈಯೆತ್ತಿ ನಿಂತು ಮರಗಳಾದರು.

ಆರನೆಯದು ರಂಗಸ್ಥಳ. ಭರತನು ವಿಕೃಷ್ಟ, ಚತುರಶ್ರ, ತ್ರ್ಯಶ್ರಗಳೆಂಬ ಮೂರು ಆಕಾರದ ನಾಟ್ಯಗೃಹಗಳನ್ನು ಹೇಳಿ, ಅರುವತ್ತನಾಲ್ಕು ಮೊಳ ಉದ್ದ ಮೂವತ್ತೆರಡು ಮೊಳ ಅಗಲದ ಮಧ್ಯಮ ಪ್ರಮಾಣವೇ ಉತ್ತಮವೆಂದಿದ್ದಾನೆ. ಅದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗುವುದು, ಮುಖದ ಭಾವವು ಕಾಣದೆ ಹೋಗುವುದು ಎಂಬುದು ಅವನು ಕೊಡುವ ಕಾರಣ. ಚಿಕ್ಕ ತರಗತಿಯ ಕೋಣೆ ನಾಟಕಕ್ಕೆ ಒಗ್ಗದೆಂದು ಚಿಂತಿಸುವವರು ಈ ಮಾತನ್ನು ನೆನೆಯಬೇಕು. ಹುಲಿಯ ಮರಣವನ್ನು ತೋರಿಸುವ ಬಗೆಯೊಂದು ಸಮಸ್ಯೆಯಾಗಿತ್ತು. ವಧೆ ಮರಣಾದಿಗಳನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದೆಂದು ಲಾಕ್ಷಣಿಕರ ಅಭಿಪ್ರಾಯ. ಬಯಲಾಟದಲ್ಲಿ ಇಬ್ಬರು ತೆರೆ ಹಿಡಿಯುವುದನ್ನು ಅಜ್ಜನಿಂದ ಕೇಳಿ ತಿಳಿದಿದ್ದ ಒಬ್ಬನು ಮನೆಯಿಂದ ಕಂಬಳಿ ತಂದನು. ಇಬ್ಬರು ಕಂಬಳಿ ಹಿಡಿದರು. ಹುಲಿಯು ಅದರ ಹಿಂದೆ ಹೋಯಿತು. ಕಂಬಳಿಯು ಮೆಲ್ಲನೆ ನೆಲಕ್ಕಿಳಿದಾಗ ಅಲ್ಲಿ ಹುಲಿಯಿರಲಿಲ್ಲ, ಗೋಣಿತಾಟು ಮಾತ್ರ ಬಿದ್ದಿತ್ತು.

ಕನ್ನಡ ರಂಗಭೂಮಿಯ ಚರಿತ್ರೆಯಾದರೂ ಕಂಬಳಿಯ ತೆರೆಯಿಂದ ಮಹಾವೈಭವದವರೆಗೆ ಹಬ್ಬಿದೆ. ಉಪಲಬ್ಧ ಕನ್ನಡ ನಾಟಕಗಳಲ್ಲಿ ಮೊದಲನೆಯದೆನಿಸಿದ 'ಮಿತ್ರವಿಂದಾ ಗೋವಿಂದ'ವನ್ನು ಸಿಂಗರಾರ್ಯನು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದು ರಚಿಸಿದನು. ಅದಕ್ಕೆ ಮೂಲ ಶ್ರೀಹರ್ಷನ ರತ್ನಾವಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿ ಅಭಿನವ ಕಾಳಿದಾಸರೆನಿಸಿದರು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರ ನಾಟಕಕ್ಕಾಗಿ ಆನೆಗಳನ್ನೇ ರಂಗಕ್ಕೆ ತಂದಿತು. ೨೦೧೭ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ಅಗಲಿದ ಏಣಗಿ ಬಾಳಪ್ಪನವರು ಬಸವೇಶ್ವರರ ಪಾತ್ರವನ್ನು ಬಡಗಣ ಕರ್ನಾಟಕದ ಮನೆಮನೆಗೆ ಮುಟ್ಟಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ನಾಟಕ ಕಂಪನಿಯನ್ನು ಕಟ್ಟಿ, ಅದರ ನೆರವಿನಿಂದ ಅಂಧಮಕ್ಕಳ ಅನ್ನವಿದ್ಯೆಗಳನ್ನು ಸಾಗಿಸಿತು. ಹೆಗ್ಗೋಡಿನಲ್ಲಿ ೧೯೪೯ರಲ್ಲಿ ನೀನಾಸಂ ಹುಟ್ಟಿತು. ಸಾಣೇಹಳ್ಳಿಯಲ್ಲಿ ಶ್ರೀಮಠದ ಆಶ್ರಯದಲ್ಲಿ ೧೯೯೭ರಲ್ಲಿ ಶಿವಸಂಚಾರವು ಆರಂಭವಾಯಿತು. ಇವುಗಳಲ್ಲಿ ಕೆಲವು ಸಿರಿಯಿಂದ ಬೆಳೆದುವು, ಹಲವು ಬಡತನದಲ್ಲಿಯೇ ಬೆಳಗಿದುವು. ನಾಟಕವು ಕಾಯುವುದು ಆನೆಗಾಗಿಯೂ ಅಲ್ಲ, ಅಂಬಾರಿಗಾಗಿಯೂ ಅಲ್ಲ, ಆಡುವವನೊಬ್ಬನಿಗೆ, ನೋಡುವವನೊಬ್ಬನಿಗೆ.

ಇನ್ನು ಪಂಡಿತರ ತರಗತಿಗೆ ಮರಳಬಹುದು. ಮೊದಲ ದಿನ ಪಾತ್ರಗಳನ್ನು ಹಂಚುವಾಗ ಅವರು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದರು. ದೊಡ್ಡ ದನಿಯವನಿಗೆ ಹುಲಿ, ಚೆನ್ನಾಗಿ ಹಾಡುವವಳಿಗೆ ಹಸು, ಚುರುಕಾದವನಿಗೆ ಗೊಲ್ಲ. ಉಳಿದವರಿಗೆ ನೋಡುವ ಕೆಲಸ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ನಾವು ಬರೇ ನೋಡೂದೇನ್ರೀ, ಗುರುಗಳೇ?" ಎಂದಳು. ಪಂಡಿತರು ಕ್ಷಣಕಾಲ ಯೋಚಿಸಿ ಹಂಚಿಕೆಯನ್ನು ಅಲ್ಲಿಗೇ ಕೈಬಿಟ್ಟರು. ತರಗತಿಯನ್ನು ನಾಲ್ಕು ಮೇಳಗಳಾಗಿ ವಿಂಗಡಿಸಿ, ಪ್ರತಿಯೊಂದು ಮೇಳವೂ ಇಡೀ ಕಥೆಯನ್ನು ಆಡತಕ್ಕದ್ದೆಂದೂ, ಪ್ರತಿ ಶನಿವಾರವೂ ಪಾತ್ರಗಳು ಬದಲಾಗತಕ್ಕದ್ದೆಂದೂ ನಿಯಮ ಮಾಡಿದರು. ಕೆಲಸವು ನಾಲ್ಕು ಪಾಲು ಹೆಚ್ಚಿತು. ಗದ್ದಲವು ಪಕ್ಕದ ತರಗತಿಗೂ ಮುಟ್ಟಿತು. ಪಾಠಗಳು ಹಿಂದೆ ಬಿದ್ದುವೆಂಬ ಆಕ್ಷೇಪಣೆಯೂ ಬಂದಿತು. ಆದರೂ ಪಂಡಿತರು ನಿಯಮವನ್ನು ಬಿಡಲಿಲ್ಲ.

ಹೀಗೆ ಬದಲಾಗುತ್ತ ಒಂದು ಶನಿವಾರ ಹುಲಿಯ ಪಾತ್ರವು ಆ ಪೂರ್ಣಾಂಕದ ಬಾಲಕನ ಪಾಲಿಗೆ ಬಂದಿತು. ಬರವಣಿಗೆಯಲ್ಲಿ ನಿಪುಣನಾದ ಅವನು ಮಾತಿನಲ್ಲಿ ಬಲು ಮಿತಭಾಷಿ. ಮೊದಲ ಮಾತುಗಳನ್ನು ಒಪ್ಪಿಸಿದಂತೆ ಒಪ್ಪಿಸಿದನು, ಕೆಲವರು ನಕ್ಕರು. ಹಸುವು ಹೋಯಿತು. ಅವನು ಮೂಲೆಯಲ್ಲಿ ಕುಕ್ಕರಿಸಿ ಕುಳಿತು ಬಾಗಿಲನ್ನೇ ನೋಡತೊಡಗಿದನು. ಗಂಟೆಯ ಸದ್ದು ಮತ್ತೆ ಕೇಳಿತು. ಪುಣ್ಯಕೋಟಿಯಾದ ಹುಡುಗಿ ಒಳಗೆ ಬಂದು ಅವನ ಮುಂದೆ ನಿಂತು "ಬಂದೆ" ಎಂದಳು. ಈಗ ಹುಲಿಯು ಮಾತಾಡಬೇಕು. ಹುಡುಗನು ಎದ್ದು ನಿಂತನು, ಬಾಯಿ ತೆರೆಯಿತು, ಮಾತು ಬರಲಿಲ್ಲ. ಮರೆತಿರಬೇಕೆಂದು ಪಂಡಿತರು ಮೆಲ್ಲನೆ ಮಾತನ್ನು ಎತ್ತಿಕೊಟ್ಟರು. ಅವನು ನುಡಿಯಲಿಲ್ಲ. ಇನ್ನೊಮ್ಮೆ ಎತ್ತಿಕೊಟ್ಟರು. ಅವನು ಪಂಡಿತರ ಕಡೆಗೆ ತಿರುಗದೆ, ಹಸುವಿನ ಮುಖದಿಂದ ಕಣ್ಣು ತೆಗೆಯದೆ, ಒಡೆದ ದನಿಯಲ್ಲಿ ಹೇಳಿದನು: "ಹುಲಿಗೆ ಈಗ ಮಾತು ಬರೂದಿಲ್ರೀ, ಗುರುಗಳೇ."

ತರಗತಿಯಲ್ಲಿ ಸದ್ದಡಗಿತು. ನಕ್ಕವರೂ ಸುಮ್ಮನಾದರು. ಪಂಡಿತರು ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿದರು. ಸ್ತಂಭ, ಸ್ವರಭಂಗ, ವೇಪಥು ಎಂದು ಅವನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದುದು ಈಗ ಅವನ ಮೈಯಲ್ಲಿಯೇ ಮೂಡಿತ್ತು. ಸಾತ್ತ್ವಿಕವು ಅನುಕರಿಸಿ ತರುವಂಥದಲ್ಲ, ಮನಸ್ಸು ಒಂದಾದಾಗ ತಾನಾಗಿ ಹುಟ್ಟುವಂಥದೆಂದು ಶಾಸ್ತ್ರವು ಹೇಳುತ್ತದೆ. ಆ ಮಾತನ್ನು ಎಷ್ಟೋ ವರ್ಷ ಬೋಧಿಸಿದ್ದ ಪಂಡಿತರು ಅದನ್ನು ಕಣ್ಣಾರೆ ಕಂಡುದು ಅಂದು. ತೋರಿಸಿದವನು ಅವರ ಶಿಷ್ಯ.

ನಾಟ್ಯಶಾಸ್ತ್ರದ ಅದೇ ಮೊದಲ ಅಧ್ಯಾಯದಲ್ಲಿ ಕಥೆಯು ಮುಂದುವರಿಯುತ್ತದೆ. ಭರತಪುತ್ರರು ಆಡಿದ ಮೊದಲ ಪ್ರಯೋಗದ ವಸ್ತು ದೇವತೆಗಳಿಂದ ಅಸುರರಿಗಾದ ಸೋಲು. ನೋಡುತ್ತ ಕುಳಿತಿದ್ದ ಅಸುರರಿಗೆ ಕೋಪವುಕ್ಕಿತು. ವಿಘ್ನಗಳು ಅವರೊಡನೆ ಸೇರಿ ಮಾಯೆಯಿಂದ ನಟರ ಮಾತು, ಚಲನೆ, ಸ್ಮೃತಿಗಳನ್ನು ಸ್ತಂಭನಗೊಳಿಸಿದುವು. ವೇದಿಕೆಯೇರಿದ ಎಳೆಯ ಮಗುವಿಗೆ ಇಂದಿಗೂ ಕೈಕೊಡುವುದು ಈ ಮೂರೇ ಎಂಬುದನ್ನು ಅಧ್ಯಾಪಕರೆಲ್ಲರೂ ಬಲ್ಲರು. ಇಂದ್ರನು ಜರ್ಜರವೆಂಬ ಧ್ವಜದಂಡದಿಂದ ವಿಘ್ನಗಳನ್ನು ಬಡಿದನು. ವಿಶ್ವಕರ್ಮನು ನಾಟ್ಯಗೃಹವನ್ನು ಕಟ್ಟಿದನು. ಆದರೆ ಬ್ರಹ್ಮನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಸುರರನ್ನು ಹತ್ತಿರ ಕರೆದು, ಈ ನಾಟ್ಯವು ನಿಮ್ಮದೂ ಅಲ್ಲ, ದೇವತೆಗಳದೂ ಅಲ್ಲ. ಮೂರು ಲೋಕದ ಭಾವಗಳನ್ನೂ ತೋರಿಸುವುದೆಂದು ಸಮಾಧಾನಪಡಿಸಿದನು. ಸೋತವರ ನೋವನ್ನು ಕೇಳಿ ಉತ್ತರ ಕೊಟ್ಟ ಬಳಿಕವೇ ರಂಗವು ನೆಲೆಗೊಂಡಿತು. ಮಕ್ಕಳು ಬರೆದ ಹುಲಿಯ ಸ್ವಗತವೂ ಬ್ರಹ್ಮನ ಈ ಸಮಾಧಾನದ ಜಾತಿಗೇ ಸೇರಿದುದು.

ಕಡೆಯದಾದ ಅಂಗವು ಪ್ರೇಕ್ಷಕ. ಪಠ್ಯಪುಸ್ತಕಗಳು ಹೆಚ್ಚಾಗಿ ಇವನನ್ನು ಅಂಗಗಳ ಪಟ್ಟಿಗೆ ಸೇರಿಸುವುದಿಲ್ಲ. ಆದರೆ ರಸವು ಪೂರ್ಣವಾಗುವುದು ಇವನ ಹೃದಯದಲ್ಲಿಯೇ. ಪಂಡಿತರು ವರ್ಷದ ಕೊನೆಗೆ ನಾಲ್ಕನೆಯ ತರಗತಿಯ ಮಕ್ಕಳನ್ನು ಕರೆಯಿಸಿ ಕೂರಿಸಿ ನಾಟಕವನ್ನಾಡಿಸಿದರು. ಕಂಬಳಿಯ ತೆರೆ ಕೆ‌ಳಗಿಳಿದಾಗ ಒಬ್ಬ ಚಿಕ್ಕ ಹುಡುಗಿಯು ಅತ್ತಳು. ಹಸುವಿಗಾಗಿ ಅಲ್ಲ, ಹಸುವು ಬದುಕಿತ್ತು. ಹುಲಿಗಾಗಿ ಅತ್ತಳು. ಕರುಣರಸವನ್ನು ವಿವರಿಸಲು ಅಂದು ಬೇರೆ ಉದಾಹರಣೆ ಬೇಕಾಗಲಿಲ್ಲ.

ಇಂದಿನ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ವೇದಿಕೆಯು ವಿಶಾಲವಾಗಿದೆ, ದೀಪಗಳು ಪ್ರಜ್ವಲವಾಗಿವೆ. ಆದರೆ ಅನೇಕ ಕಡೆ ಧ್ವನಿಮುದ್ರಿತ ಸಂಭಾಷಣೆಗೆ ಮಕ್ಕಳು ತುಟಿಯಾಡಿಸುತ್ತಾರೆ. ಬಾಡಿಗೆಯ ಉಡುಪಿನಲ್ಲಿ ನಿಂತ ಮಗುವಿಗೆ ತನ್ನ ದನಿಯೇ ಅಪರಿಚಿತವಾಗಿರುತ್ತದೆ. ಆರಿಸಿದ ಹತ್ತು ಮಂದಿ ಪ್ರತಿವರ್ಷವೂ ವೇದಿಕೆಯೇರುತ್ತಾರೆ. ಉಳಿದವರು ಕುರ್ಚಿ ಜೋಡಿಸುತ್ತಾರೆ. ರವೀಂದ್ರನಾಥ ಠಾಕೂರರ ಗಿಳಿಯ ಕಥೆಯನ್ನಾಧರಿಸಿ ಬಿ. ವಿ. ಕಾರಂತರು ಮಕ್ಕಳಿಗಾಗಿ 'ಪಂಜರ ಶಾಲೆ'ಯನ್ನು ರಂಗಕ್ಕೆ ತಂದರು. ಆ ಕಥೆಯಲ್ಲಿ ಪಂಜರವು ಚಿನ್ನದ್ದಾಗುತ್ತದೆ, ಪುಸ್ತಕದ ಹಾಳೆಗಳನ್ನು ಗಿಳಿಯ ಗಂಟಲಿಗೆ ತುರುಕಲಾಗುತ್ತದೆ, ಹಾಡು ಮಾತ್ರ ನಿಂತುಹೋಗುತ್ತದೆ. ಲಕ್ಷಣಗಳನ್ನು ತುರುಕಿಸಿಕೊಂಡು ನಾಟಕವನ್ನೇ ಕಾಣದ ಮಗುವಿನ ಗತಿಯೂ ಇದಕ್ಕಿಂತ ದೂರವಿಲ್ಲ.

ಹಾಗೆಂದು ಲಕ್ಷಣಗಳು ನಿರರ್ಥಕವೆಂದು ಯಾರೂ ಭಾವಿಸಕೂಡದು. ಆಡಿ ಬಂದ ಮಗುವಿಗೆ ಲಕ್ಷಣವು ಕನ್ನಡಿಯಂತೆ ಒದಗುತ್ತದೆ. ತಾನು ಮಾಡಿದ್ದಕ್ಕೆ ಹಿರಿಯರು ಇಟ್ಟ ಹೆಸರು ಇದೆಂದು ಅದು ಹಿಗ್ಗುತ್ತದೆ. ಪಂಡಿತರ ತರಗತಿಯಲ್ಲಿಯೂ ಆ ವರ್ಷ ಅವೇ ಮೂರು ಪ್ರಶ್ನೆಗಳು ಬಂದುವು, ಮಕ್ಕಳು ಉತ್ತರಿಸಿದರು. ಆದರೆ ಕ್ರಮವು ಬದಲಾಗಿತ್ತು: ಮೊದಲು ಆಟ, ಆಮೇಲೆ ಪಾಠ.

ನಾಟಕದ ಪಾಠಕ್ಕೆ ಬೇಕಾದುದು ಅಲ್ಪ. ಅಧ್ಯಾಪಕರು ವಾರಕ್ಕೊಂದು ಗಂಟೆಯನ್ನೂ ತುಸು ಗದ್ದಲವನ್ನು ಸಹಿಸುವ ತಾಳ್ಮೆಯನ್ನೂ ಕೊಡಬೇಕು. ಹಳೆಯ ವಿದ್ಯಾರ್ಥಿಗಳು ತಾವು ಕಂಡ ಆಟಗಳನ್ನೂ ಹಾಕಿದ ವೇಷಗಳನ್ನೂ ಮಕ್ಕಳಿಗೆ ಬಂದು ಹೇಳಬೇಕು. ದಾನಿಗಳು ಶಾಲೆಯ ಅಂಗಳದಲ್ಲಿ ಮೊಳಕಾಲೆತ್ತರದ ಒಂದು ಕಟ್ಟೆಯನ್ನು ಕಟ್ಟಿಸಿಕೊಟ್ಟರೆ ಅದು ತಲೆಮಾರುಗಳವರೆಗೆ ಉಳಿಯುವ ಪುಣ್ಯಕಾರ್ಯವಾದೀತು. ಆ ಕಟ್ಟೆಯ ಮೇಲೆ ಪ್ರತಿಯೊಂದು ಮಗುವೂ ವರ್ಷಕ್ಕೊಮ್ಮೆಯಾದರೂ ಹಸುವಾಗಿ ನಿಲ್ಲಲಿ, ಒಮ್ಮೆಯಾದರೂ ಹುಲಿಯಾಗಿ ನಿಲ್ಲಲಿ. ಇನ್ನೊಬ್ಬರ ಹಸಿವೆಯನ್ನು ತನ್ನ ಹೊಟ್ಟೆಯಲ್ಲಿ ಅರಿತ ಮಗುವು ಮುಂದೆ ಯಾವ ಉದ್ಯೋಗವನ್ನು ಹಿಡಿದರೂ ಆ ಅರಿವನ್ನು ಮರೆಯಲಾರದು. ವಿದ್ಯೆಗೆ ಪಾತ್ರರಾಗುವುದೆಂದರೆ ಇದೇ.